ಬೆರಳಗಲದ ಬಯಲು

ಸೋಹಾರಿನ ಆಗಸ್ಟಿನಲ್ಲಿ ತಣ್ಣೀರು ಬೇಕೆಂದರೆ
ಕೆಂಪು ಗುರುತಿನ ನಲ್ಲಿ ತಿರುಗಿಸಬೇಕು.
ನೀಲಿಯದು ಮೈ ಸುಡುತ್ತದೆ.
ಹೊಸದಾಗಿ ಬಂದವರೆಲ್ಲ ಒಮ್ಮೆ ಬೊಬ್ಬೆ ಹಾಕಿದವರೇ.

ಫಕ್ಕೀರಪ್ಪ ಬೊಬ್ಬೆ ಹಾಕಲಿಲ್ಲ.
ಟವೆಲು ಸುತ್ತಿಕೊಂಡು ಹೊರಗೆ ಬಂದು ನಿಂತ,
ತಲೆಯ ತುಂಬ ಸೋಪಿನ ನೊರೆ:
'ಅಲ್ರೀ ವಾಲೆರಿಯಣ್ಣಾ, ಇದು ಹಿಂಗ್ಯಾಕ?'

ನಾನು ಎ.ಸಿ. ರಿಪೇರಿಯವ.
ಪಿಯುಸಿ ರಸಾಯನಶಾಸ್ತ್ರದಲ್ಲಿ ಮೂವತ್ತೆರಡು,
ಪಾಸಾಗಲು ಮೂರು ಕಮ್ಮಿ.
ಆ ಮೂರರ ಸಾಲ ತೀರಿಸುವವನ ಹಾಗೆ ಹೇಳಿದೆ:
ನೀಲಿಯ ನೀರು ತಾರಸಿಯ ಟ್ಯಾಂಕಿಯಿಂದ ನೇರ ಬರುತ್ತದೆ,
ಹಗಲಿಡೀ ಬಿಸಿಲು ಕುಡಿದು.
ಕೆಂಪಿನದು ಈ ಮೂಲೆಯ ಗೀಸರಿನಲ್ಲಿ ತಂಗಿ ಬರುತ್ತದೆ.
ಗೀಸರಿಗೆ ಮೇ ತಿಂಗಳಿಂದ ಕರೆಂಟಿಲ್ಲ,
ನಿಂತ ನೀರು ನಮ್ಮದೇ ಎ.ಸಿ.ಗೆ ಮೆಲ್ಲಗೆ ತಣಿಯುತ್ತದೆ.

'ಅಂದ್ರ ಕಾಸೋ ಡಬ್ಬಿನ ತಣ್ಣಗ ಇಡತೈತಿ!'
ನಕ್ಕು ಒಳಗೆ ಹೋದ, ನೊರೆ ತೊಳೆಯಲು.

ಅಂದಿನಿಂದ ದೀಪ ಆರಿದ ಮೇಲೆ
ಮೇಲಿನ ಮಂಚದಿಂದ ದಿನಕ್ಕೊಂದು ಪ್ರಶ್ನೆ ಇಳಿಯುತ್ತಿತ್ತು.

ಊರಿಂದ ತಂದ ಗಡಿಗಿ ಇಲ್ಲಿ ನೀರು ತಂಪು ಮಾಡವಲ್ದು,
ಮಣ್ಣಿಗೆ ಏನಾತು?

ಮಣ್ಣಿಗೆ ಏನೂ ಆಗಲಿಲ್ಲ ಮಾರಾಯ,
ಗಾಳಿಯ ಹೊಟ್ಟೆ ತುಂಬಿದೆ.
ಇಡೀ ಸಮುದ್ರ ಕುಡಿದು ಕೂತಿದೆ ಅದು,
ಗಡಿಗೆ ಒಸರಿದ್ದನ್ನು ಎತ್ತಿಕೊಳ್ಳಲು ಜಾಗವೆಲ್ಲಿ?
ಒಣಗಿದರಷ್ಟೇ ತಂಪು. ನಿನ್ನ ಬೆವರಿಗೂ ಅದೇ ಕತೆ.

ಮಂಚ ಕಿರುಗುಟ್ಟಿತು.
'ಅಂದ್ರ ನಾವೂ ಗಡಿಗೀನ.'
ಮೂಲೆಯಿಂದ ಕುಂಞಿಮೋನು ಬೈದ:
ನಾಲ್ಕಕ್ಕೆ ಬಸ್ಸು. ಗಡಿಗೆಗಳು ಸ್ವಲ್ಪ ಮಲಗಲಿ.

ಅವನ ಕೆಲಸ ಅಲ್ಯುಮಿನಿಯಂ ಕರಗಿಸುವಲ್ಲಿ.
ಅಲ್ಲಿ ಜೇಬಿನ ಕೀಲಿ ತಾನೇ ಎದ್ದು ನಿಲ್ಲುತ್ತದಂತೆ,
ಯಾರೋ ಕರೆದ ಹಾಗೆ. ಯಾಕ?
ಕರೆಂಟು ಹರಿದಲ್ಲೆಲ್ಲ ಅಯಸ್ಕಾಂತ ಇರುತ್ತದೆ, ಅಂದೆ.
ಮುಂದೆ ಕೇಳಬೇಡ,
ನನ್ನ ಮೂವತ್ತೆರಡು ಅಲ್ಲಿಗೆ ಮುಗಿಯಿತು.

ಒಂದು ಶುಕ್ರವಾರ ಟ್ಯಾಂಕಿ ನೋಡಲು ತಾರಸಿಗೆ ಹೋದೆ.
ಅದರ ನೆರಳಲ್ಲಿ ಕೂತು ಫೋನಿನಲ್ಲಿ ಹೇಳುತ್ತಿದ್ದ:
'ಗಾಳಿ ಹೊಟ್ಟಿ ತುಂಬೇತಿ ಶಿವಲೀಲಾ,
ಗಡಿಗಿ ತಪ್ಪಲ್ಲವ್ವಾ ಅದು.'
ನನ್ನದೇ ಮಾತು, ಅವನ ಬಾಯಲ್ಲಿ ಎಷ್ಟು ಮೆತ್ತಗೆ.
ಆ ಕಡೆಯಿಂದ ಮತ್ತೊಂದು ಯಾಕೆ ಬಂತು.
'ನಾಳಿ ಹೇಳತೀನಿ,' ಅಂದ.

ನಾನು ಸದ್ದಿಲ್ಲದೆ ಇಳಿದೆ.

ಆ ನಾಳೆ ನನಗೆ ನಿದ್ದೆಯ ಮಂಪರು.
ಕುದಿಯೋ ನೀರಿಂದ ಬಿಳೇದು ಏಳತೈತಲ್ಲ, ಏನದು?
ಹಬೆ, ಅಂದೆ. ಗೋಡೆಯ ಕಡೆ ತಿರುಗಿದೆ.

ಹದಿನೈದು ದಿನದ ಮೇಲೆ ಫೋನು ಮುಂದೆ ಹಿಡಿದ.
ಏಳನೇ ಕ್ಲಾಸಿನ ಉತ್ತರಪತ್ರಿಕೆ,
ದುಂಡಗಿನ ಅಕ್ಷರ, ಅದರ ಮೇಲೆ ಕೆಂಪು ಗೀಟು.
'ಅರ್ಧ ಮಾರ್ಕ್ಸ್ ಹೋತು.
ನಮ್ಮಪ್ಪ ಹೇಳ್ಯಾನ ಅಂತ ಮಾಸ್ತರ ಜೋಡಿ ಜಗಳಾಡ್ಯಾಳಂತ.'
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂರು ಗಂಟೆಗೇ ಎದ್ದು ಚಾದ ಕೆಟಲು ಇಟ್ಟೆ.
ನೀರು ಕುದಿಯಿತು. ಅವನು ಟಾರ್ಚು ಹಿಡಿದ.
ಬಿಳಿ ಮೋಡ ಮೂತಿಯಿಂದ ಹೊರಡುತ್ತಿರಲಿಲ್ಲ,
ತುಸು ಆಚೆ, ಗಾಳಿಯಲ್ಲೇ ಹುಟ್ಟುತ್ತಿತ್ತು.
ನಡುವೆ ಬೆರಳಗಲ
ಏನೂ ಇಲ್ಲ.

ಅದೇ ಹಬೆ ಮಾರಾಯ, ಅದು ಕಾಣುವುದಿಲ್ಲ.
ಬಿಳಿಯದೆಲ್ಲ ತಣಿದು ಹನಿಯಾದದ್ದು.
ನಾನು ಹೇಳಿದ್ದು ತಪ್ಪು.

ಅವನು ಬೆರಳು ಚಾಚಿದ, ನಾನು ಕೈ ಎಳೆದೆ:
ಆ ಖಾಲಿಯೇ ಹೆಚ್ಚು ಸುಡುವುದು.

ಬಹಳ ಹೊತ್ತು ನೋಡಿದ. ಫೋಟೋ ತೆಗೆದ, ಹಿಗ್ಗಿಸಿ ನೋಡಿದ.
'ನಡುವ ಏನೂ ಬಂದಿಲ್ಲಣ್ಣಾ.'

ಅದನ್ನೇ ಕಳಿಸು, ಅಂದೆ.
ಕೆಳಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು,
ಕುಂಞಿಮೋನು ಆ ಕುದಿನೀರಿಗೇ ಚಾಪುಡಿ ಸುರಿದ.