ಕಾಲು ಸುತ್ತು

ಸುಟ್ಟುಬಿಡಿ ಅಂದಿದ್ದನಂತೆ ಸಿಕ್ಸ್ಟೆನ್,
ಏಪ್ರಿಲ್ ಕೊನೆಯ ರಾತ್ರಿಯ ಬೆಂಕಿಗೆ ಹಾಕಿ,
ಓಕ್ ಮರ, ಚೆನ್ನಾಗಿ ಉರಿಯುತ್ತೆ.
ಮೀನಿನ ಪರವಾನಗಿಯನ್ನು ಸರ್ಕಾರಕ್ಕೇ ಮಾರಿದ ವರ್ಷ ಅದು.
ಆಮೇಲೆ ಅವನು ದೋಣಿಮನೆಯ ದಿಕ್ಕಿಗೆ
ತಲೆ ಹಾಕಿಯೂ ಮಲಗಲಿಲ್ಲ,
ಎಂದು ಊರಿನ ಮಾತು.

ಬೋಹುಸ್ಲೇನಿನ ಬೋಳುಬಂಡೆಗಳ ನಡುವೆ ಆ ಕೆಂಪು ದೋಣಿಮನೆ.
ನಾವು ಮೂವರು:
ಹಲ್ಲಿನ ದವಾಖಾನೆಯಲ್ಲಿ ಇಪ್ಪತ್ತೆಂಟು ವರ್ಷ
ಚಿಮಟ ಕೊಕ್ಕೆ ತೊಳೆದಿಟ್ಟ ನಾನು,
ವೆಲ್ಡಿಂಗ್ ಶಾಲೆಯನ್ನು ಅರ್ಧಕ್ಕೆ ಬಿಟ್ಟ ಮಾಲ್ತೆ,
ಕಿವಿಯೂ ಕೇಳದ, ಯಾರ ಮಾತೂ ಕೇಳದ ಈವಾರ್.

ಮೂರು ಬೇಸಿಗೆ ಹಲಗೆಗಳಿಗೇ ಹೋಯಿತು.
ಕೊನೆಗೆ ಉಳಿದದ್ದು ಅದು,
ಒಂದೇ ಸಿಲಿಂಡರು, ಕಬ್ಬಿಣದ ಬುರುಡೆ,
ಗಾಣದ ಕಲ್ಲಿನಂಥ ಗಾಲಿ.
ಮೂವತ್ತೊಂದು ಚಳಿಗಾಲ ಮಿಸುಕಿಲ್ಲ.
ಪಿಸ್ಟನ್ ಕಚ್ಚಿಕೊಂಡಿರುತ್ತೆ, ಆಸೆ ಬಿಡಿ,
ಎಂದ ಈವಾರ್, ಊರಿಗೆಲ್ಲ ಕೇಳುವಂತೆ.

ನೀರಿನ ಪಂಪಿನೊಳಗೆ ಕಪ್ಪೆಚಿಪ್ಪಿನ ಸಂಸಾರ.
ಡೀಸೆಲ್ ಕೊಳವೆಯಲ್ಲಿ ಡೀಸೆಲ್ ಇಲ್ಲ, ಅಂಟು.
ಬುರುಡೆಯ ಒಳಗೋಡೆಯ ಕರಿಯನ್ನು ನಾನೇ ಕೆರೆದೆ,
ಹಲ್ಲಿನ ಕಿಟ್ಟ ಕೆರೆಯುವ ಹಾಗೆ,
ಬಾಯಿ ತೆಗಿ, ಇನ್ನಷ್ಟು, ಹಾಂ, ಎನ್ನುತ್ತ.
ಆಗ ಕಂಡದ್ದು:
ಸಿಲಿಂಡರಿನ ತುಂಬ ಎಣ್ಣೆ.
ಹಸಿರು, ದಪ್ಪ, ಒಂದು ಚೂರು ತುಕ್ಕಿಲ್ಲ.
ಯಾರೋ ಸುರಿದಿದ್ದಾರೆ. ಸುಡಬೇಕಾದ ದೋಣಿಗೆ
ಎಣ್ಣೆ ಯಾರು ಸುರಿಯುತ್ತಾರೆ?

ಟಾರ್ಚು ಬಿಟ್ಟ ಮಾಲ್ತೆ ಗಾಲಿಯ ಹಿಂದಿನ ಹಲಗೆ ತೋರಿಸಿದ.
ಪೆನ್ಸಿಲಿನ ಗೀಟುಗಳು, ನಾಲ್ಕು ನಾಲ್ಕರ ಕಟ್ಟು.
ತಿಂಗಳಿಗೊಂದು ಗೀಟು, ಗೀಟಿಗೆ ಕಾಲು ಸುತ್ತು:
ಭಾರವೆಲ್ಲ ಒಂದೇ ಕಡೆ ಕೂತು ಬೇರಿಂಗ್ ತಿನ್ನದಿರಲೆಂದು.
ಇನ್ನೂರ ಅರವತ್ತನಾಲ್ಕು.
ಆಮೇಲೆ ಹಲಗೆ ಖಾಲಿ.
ಸಿಕ್ಸ್ಟೆನ್ ಸತ್ತು ಒಂಬತ್ತು ವರ್ಷ.

ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ.
ಇಪ್ಪತ್ತೆರಡು ವರ್ಷಕ್ಕೆ ಅರವತ್ತಾರು ಸುತ್ತು.
ಓಡುವ ಎಂಜಿನ್ನಿಗೆ ಅದು
ಹತ್ತು ಸೆಕೆಂಡಿನ ಕೆಲಸ.

ಗುನ್ವೊರಳಿಗೆ ಹೇಳುವುದೋ ಬೇಡವೋ.
ಹೇಳಿದೆ.
ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ,
‘ಮೊದಲ ಭಾನುವಾರ ಬಲೆ ನೇಯಲು ಹೋಗುತ್ತಿದ್ದ.
ಬಲೆ ಎಲ್ಲಿತ್ತು? ಅವನ್ನೂ ಮಾರಿಯಾಗಿತ್ತು.
ಅಂಗಿಯ ತೋಳು ಒಗೆದವಳು ನಾನು,
ನನಗೆ ಗೊತ್ತಿರಲ್ಲವೇ?’ ಎಂದಳು.
ಸಕ್ಕರೆ ಬೇಕೇ ಎಂದೂ ಕೇಳಿದಳು.

ಶನಿವಾರ, ಗಾಳಿಯಿಲ್ಲ.
ಬ್ಲೋಲ್ಯಾಂಪ್ ಬುಸುಗುಟ್ಟುತ್ತ ಬುರುಡೆಯನ್ನು ನೆಕ್ಕಿತು
ಹತ್ತು ನಿಮಿಷ, ಹದಿನೈದು,
ಕಬ್ಬಿಣ ಮಾಗಿದ ನೇರಳೆಯ ಬಣ್ಣಕ್ಕೆ ಬಂತು, ಆಮೇಲೆ ಕೆಂಡ.
ಹಿತ್ತಾಳೆಯ ಬಟ್ಟಲಿನಿಂದ ಎಣ್ಣೆ, ನಿಮಿಷಕ್ಕೆ ಏಳು ಹನಿ.
ಮಾಲ್ತೆ ಗಾಲಿಯ ಗೂಟ ಹಿಡಿದು
ತೊಟ್ಟಿಲಂತೆ ಆಚೆ ಈಚೆ ತೂಗಿದ,
ಈವಾರ್ ಒಂದು ಗುಟುಕು ಡೀಸೆಲ್ ಕುಡಿಸಿದ.
ಏನೂ ಇಲ್ಲ.
ಇನ್ನೊಂದು ಗುಟುಕು.
ಡುಂ.
ಹೊಗೆಯ ಒಂದು ಬಳೆ ಚಿಮಣಿಯಿಂದ ಎದ್ದು ನಿಂತಿತು,
ನಾವು ಉಸಿರು ಬಿಡುವುದಕ್ಕೆ ಮೊದಲೇ
ಡುಂ, ಡುಂ, ಟೊಣಕ್, ಡುಂ,
ಲೋಟ ಕುಣಿದು ಕೆಳಗೆ ಬಿತ್ತು, ಬಂಡೆಯ ಮೇಲಿನ ಹಕ್ಕಿ ಹಾರಿತು,
ದೋಣಿ ಹೊರಟೇಬಿಟ್ಟಿತು

ಹಿಂದಕ್ಕೆ!
ಎಂಜಿನ್ ತಿರುವುಮುರುವಾಗಿ ಹತ್ತಿಕೊಂಡಿದೆ,
ಮುಂದಿನ ಹಗ್ಗ ಬಿಗಿದು ಕಿರುಗುಟ್ಟಿತು,
ಧಡ್ಡೆಂದು ಹಿಂಭಾಗ ಕಟ್ಟೆಗೆ ಬಡಿಯಿತು,
ಮೂರು ವಾರ ಉಜ್ಜಿ ಹಚ್ಚಿದ ವಾರ್ನಿಷು ಮಾಲ್ತೆಯ ಕಣ್ಣೆದುರೇ ಹೋಯಿತು.
ನಿಲ್ಲಿಸಿ, ನಿಲ್ಲಿಸಿ, ಎಂದು ನಾನು ಕೂಗುತ್ತಿದ್ದೇನೆ,
ಕಟ್ಟೆಯ ಮೇಲೆ ಗುನ್ವೊರ್
ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ:
ಬಿಡ್ರೇ, ಅವನ ಕೈಯಲ್ಲೂ ಅದು
ಮೊದಲು ಹಿಂದಕ್ಕೇ ಹೊರಡುತ್ತಿದ್ದದ್ದು!

ಈವಾರ್ ಮಾತ್ರ ಬೂಟು ಕಳಚಿ
ಬರಿಗಾಲನ್ನು ಹಲಗೆಗೆ ಒತ್ತಿ ನಿಂತಿದ್ದ, ಕಣ್ಣು ಮುಚ್ಚಿ.
ಬಹಳ ಹೊತ್ತಾದ ಮೇಲೆ,
ಹಿಂದಿನ ಬೇರಿಂಗ್ ಒಂದು ಕೂದಲಷ್ಟು ಸಡಿಲ,
ಎಂದ.