ಪಂಚನಾಮೆ

ತಾವರಗೇರಾದ ವಾಡೇದಾಗ
ಮತ್ತೊಂದು ಕೊಲೆ.
ಸತ್ತದ್ದು: ನಡುಮನಿ ಗೋಡೆ ಗಡಿಯಾರ.
ವೇಳೆ: ಒಂಬತ್ತಕ್ಕ ಎಂಟು ನಿಮಿಷ ಕಮ್ಮಿ,
ಅದನ್ನ ಹೆಣಾನ ಹೇಳ್ತದ.

ಪತ್ತೇದಾರ ನಾನು, ಗಡಿಯಾರ ರಿಪೇರಿ ಮೌನೇಶ.
ಮುದೇನೂರಿಂದ ಎದುರುಗಾಳ್ಯಾಗ ಸೈಕಲ್ಲು,
ಒಂದು ಕಣ್ಣಿಗೆ ಭೂತಗನ್ನಡಿ.

ಗೌಡರಿಗೆ ಆಳಿನ ಮ್ಯಾಲೆ ಗುಮಾನಿ,
ಗೌಡತಿಗೆ ಹಲ್ಲಿ ಮ್ಯಾಲೆ.
ಗೌಡರ ತಂಗಿ ನೀಲಗಂಗಾ ಮಾತ್ರ
ಕಂಬಕ್ಕ ಆತು ನಿಂತು
"ಪಾಪ, ಹೆಂಗ ಸತ್ತಿತೋ" ಅಂದಳು,
ನಗು ಸೆರಗಿಲೆ ಒರೆಸಿಕೋತ.

ಹೊಟ್ಟಿ ಬಿಚ್ಚಿ ನೋಡಿದೆ.
ಹೋದ ಅಮಾಸಿಗೆ ಹಲ್ಲಿನ ಚಕ್ರದಾಗ ಜೋಳದ ಕಾಳು.
ಅದರ ಹಿಂದಿನ ಸಲ ಬಳೆ ಚೂರು, ಹಸಿರು.
ಈಗ ಒಂದು ತಲಿಪಿನ್ನು,
ಇನ್ನೂ ಕೊಬ್ಬರಿ ಎಣ್ಣಿ ವಾಸನಿ.

ತಲಿ ಎತ್ತಿದೆ.
ಆಕಿ ಹೆರಳು ಒಂದು ಕಡೆ ಬಿಚ್ಚಿತ್ತು.

"ಯಾರ ಕೆಲಸ?" ಗೌಡರು ಕೇಳಿದರು.
"ತುಕ್ಕುರೀ," ಅಂದೆ.
"ಹಳೇ ಜೀವ, ತಾನಾಗೇ ನಿಂತದ."

ಪಿನ್ನು ಕಿಸೇದಾಗ ಇಳೀತು.
ಚಾ ಬಂತು. ಸಕ್ಕರಿ ಎರಡು ಪಾಲು,
ಲಂಚ ಅಂದರ ಲಂಚ.
ಹೆಣ ಎದ್ದು ಟಿಕ್ ಅಂತು, ಗೌಡರು ಹಿಗ್ಗಿದರು.

ಹೋಗೋ ಮುಂದ
ಹಿಂದಿನ ಮುಚ್ಚಳದ ತಿರುಪು ಒಂದು
ಬೇಕಂತಲೇ ಸಡಲ ಬಿಟ್ಟೆ:
ಕೊಲೆಗಡುಕಿಯ ಬೆರಳಿಗೆ
ತ್ರಾಸಾಗಬಾರದು.