ಉಪ್ಪು ಕೊನೆಗೆ

ಮೂರು ಕೇಜಿ ಮೂಳೆ. ಅರ್ಧ ನಳಿಗೆ, ಅರ್ಧ ಮಂಡಿ.
ಪೇಪರಲ್ಲಿ ಸುತ್ತುತ್ತಾ ಅನ್ಸರಣ್ಣ ಕೇಳಿದ,
"ಬಾಡು ಬೇಡ್ವೇನಮ್ಮ?"
"ಮಗಳ ಕೈ ಮುರಿದಿದೆ" ಅಂದೆ.
ಅದು ಉತ್ತರವಲ್ಲ. ಅವನಿಗೆ ಸಾಕಾಯಿತು.
ಇನ್ನೊಂದು ಗಂಟುಮೂಳೆ ಎತ್ತಿ ಹಾಕಿದ, ತೂಗದೆ.

ಮೊದಲ ನೀರು ಚೆಲ್ಲಬೇಕು ಅನ್ನುತ್ತಿದ್ದಳು ನಮ್ಮಮ್ಮ.
ಮೊದಲ ನೀರು ಪ್ರಾಣಿಯದು,
ಎರಡನೆಯದು ನಮ್ಮದು.
ಕಾಲೋನಿಯಲ್ಲಿ ಗುಡ್ಡೆ ಹಾಕಿ ಪಾಲು ಹಂಚುವಾಗ
ಕಾಸು ಕಮ್ಮಿ ಕೊಟ್ಟವಳ ಗುಡ್ಡೆಗೆ ಮೂಳೆ ಜಾಸ್ತಿ ಬೀಳುತ್ತಿತ್ತು.
ಹಾಗೆ ಕಲಿತಳು ಅವಳು
ಮೂಳೆಯನ್ನು ಕೂರಿಸಿಕೊಂಡು ಮಾತಾಡಿಸುವುದನ್ನು.
ಒಂದು ರಾತ್ರಿ ಪೂರ.
ಬಾಯಿ ಬಿಡುವ ತನಕ.

ಹಿಪ್ಪುನೇರಳೆ ಕಡ್ಡಿ ಚಟಚಟ ಉರಿದು ಮುಗಿಯುತ್ತದೆ,
ಎಲ್ಲದಕ್ಕೂ ಹೂಂ ಅನ್ನುವ ನೆಂಟನ ಹಾಗೆ.
ಹೊತ್ತಿಸಲು ಸರಿ.
ಬೆಳಗಿನವರೆಗೆ ಜೊತೆಗಿರಲು ಹುಣಸೆ ಕೊರಡೇ ಬೇಕು.
ಕೆಂಡದಲ್ಲಿ ಎರಡು ಈರುಳ್ಳಿ, ಸಿಪ್ಪೆ ಸಮೇತ, ಕಪ್ಪಗಾಗುವಂತೆ.
ಜಜ್ಜಿದ ಶುಂಠಿ, ಇಡಿಯ ಬೆಳ್ಳುಳ್ಳಿ ಗಡ್ಡೆ,
ಮೆಣಸು, ಧನಿಯ, ಅರಿಶಿನ.
ಉಪ್ಪು ಈಗಲೇ ಬೇಡ.
ನೀರು ಎಷ್ಟು ಉಳಿಯುತ್ತದೋ ಯಾರು ಕಂಡವರು?

ಓನರಮ್ಮ ಬಂದಳು, ಸೆರಗು ಮೂಗಿನ ಹತ್ತಿರ.
"ಏನು ಬೇಯ್ತಿರೋದು?"
"ಮೂಳೆ."
"ಕುರೀದಾ?"
"ದೊಡ್ಡದು."
ಸ್ವಲ್ಪ ಹೊತ್ತು ನಿಂತಳು.
ಶಿಡ್ಲಘಟ್ಟದಲ್ಲಿ, ಹೇಳಿ,
ಬೀದಿಗೆ ಎರಡು ಮನೆಯಲ್ಲಿ ಹುಳು ಬೇಯುವ ಊರಲ್ಲಿ,
ಸತ್ತ ಹುಳುವಿನ ವಾಸನೆ ಹೊದ್ದೇ ನಿದ್ದೆ ಹೋಗುವ ಊರಲ್ಲಿ,
ಯಾವ ಮೂಗಿಗೆ ಯಾವುದು ನಾರುತ್ತದೆ?
"ಬಾಗಿಲು ಹಾಕ್ಕೋ" ಅಂದಳು.
ಹಾಕಲಿಲ್ಲ.
ಹೊಗೆ ಹೋಗಬೇಕಲ್ಲ.

ನೊರೆ ಬಂತು, ಬೂದು ಬಣ್ಣದ್ದು.
ತೆಗೆದೆ. ಮತ್ತೆ ಬಂತು. ಮತ್ತೆ ತೆಗೆದೆ.
ನನಗಿದು ಹೊಸತಲ್ಲ. ಹಗಲೆಲ್ಲ ಗೂಡು ಬೇಯಿಸುವವಳು ನಾನು,
ಬಿಸಿನೀರಲ್ಲಿ ಬೆರಳಾಡಿಸಿ
ಎಳೆಯ ತುದಿ ಹುಡುಕುವವಳು.
ಗೂಡಿಗೆ ಕುದಿ ಹೆಚ್ಚಾದರೆ ನೂಲು ಕಡಿಯುತ್ತದೆ,
ಮೂಳೆಗೆ ಕುದಿ ಹೆಚ್ಚಾದರೆ ಸಾರು ಕಲಕುತ್ತದೆ.
ಆಗೊಂದು ಗುಳ್ಳೆ, ಈಗೊಂದು ಗುಳ್ಳೆ,
ನಿದ್ದೆಯಲ್ಲಿ ಮಗು ತುಟಿ ಅಲ್ಲಾಡಿಸಿದ ಹಾಗೆ,
ಅಷ್ಟೇ ಸಾಕು.

ಹದಿನಾಲ್ಕು ವರ್ಷ.
ಬೆರಳ ತುದಿಗಳು ಬೆಂದ ಗೂಡಿನಂತೆ ಬೆಳ್ಳಗೆ,
ಬಿಸಿಯೋ ತಣ್ಣಗೋ ಅವಕ್ಕೆ ತಿಳಿಯದು.
ಕಳೆದ ಸೋಮವಾರ ಆಸ್ಪತ್ರೆಯಲ್ಲಿ
ಡಾಕ್ಟರು ಮಗಳ ಮುಂಗೈ ನನ್ನ ಕೈಲಿಟ್ಟು
"ಇಲ್ಲಿ ಮುಟ್ಟಿ ನೋಡಿ, ಊತ ಗೊತ್ತಾಗುತ್ತಾ?" ಅಂದರು.
ಹೂಂ ಅಂದೆ.
ಏನೂ ಗೊತ್ತಾಗಿರಲಿಲ್ಲ.

ಮೂರು ಗಂಟೆಗೆ ಎದ್ದೆ, ಕೊರಡು ಒಳಗೆ ದೂಡಿದೆ.
ಐದಕ್ಕೆ ಎದ್ದೆ. ನಳಿಗೆ ಎತ್ತಿ ತಟ್ಟಿದರೆ
ನೆಣ ತಾನೇ ಜಾರಿ ಬಿತ್ತು.
ಗಂಟುಮೂಳೆ ಬರಿದಾಗಿ, ನೀರು ಕಂಡ ಸುಣ್ಣದ ಕಲ್ಲಿನಂತೆ
ಒತ್ತಿದಲ್ಲಿ ಪುಡಿಯಾಯಿತು.
ಹಳೆಯ ಪಂಚೆಯಲ್ಲಿ ಸೋಸಿದೆ.
ಮೂರು ಕೇಜಿ ಮೂಳೆ, ಎರಡು ಬಿಂದಿಗೆ ನೀರು
ಸೇರಿ ಒಂದು ಪಾತ್ರೆ.
ಅರ್ಧ ಚೊಂಬು ಬಗ್ಗಿಸಿ
ಹಿತ್ತಲ ಕಲ್ಲಿನ ಮೇಲಿಟ್ಟೆ, ಸಂಕ್ರಾಂತಿ ಮುಂಚಿನ ಚಳಿಗೆ.
ಸಾರು ಸಾರಾಯಿತೋ ಇಲ್ಲವೋ ಚಳಿಯೇ ಹೇಳಬೇಕು.

ಬಿಸಿಲು ಬರುವ ಮುಂಚೆ ಲಿಖಿತಳನ್ನು ಎಬ್ಬಿಸಿದೆ.
"ಬೆರಳಿಟ್ಟು ನೋಡೇ."
ಎಡಗೈ ಬೆರಳಿಟ್ಟಳು.
"ಅಮ್ಮಾ! ಇದು ನನ್ನ ಹಲ್ಲಿನ ಥರ ಅಲ್ಲಾಡುತ್ತೆ!"
"ಬಿದ್ದು ಹೋಗುತ್ತಾ?"
"ಇಲ್ಲ. ಹಿಡ್ಕೊಂಡಿದೆ."

ಹಿಡಿದುಕೊಂಡಿದೆ.
ಅದನ್ನು ಮತ್ತೆ ಪಾತ್ರೆಗೆ ಸುರಿದು ಬಿಸಿ ಮಾಡಿದೆ,
ಆಗ ಹಾಕಿದೆ ಉಪ್ಪು.

ಗ್ಲಾಸು ಎಡಗೈಲಿ ನಿಲ್ಲದೆ ವಾಲಿತು.
ಸ್ಕೂಲಿನ ಹುಡುಗಿಯರೆಲ್ಲ ಪೆನ್ನಲ್ಲಿ ಹೆಸರು ಬರೆದ
ಬಿಳಿ ಪಟ್ಟಿಯ ಮೇಲೆ, ಸರಿಯಾಗಿ ಒಂದು ಹೆಸರಿನ ಮೇಲೆ,
ಎಣ್ಣೆಹಳದಿ ಕಲೆ.
"ಯಾರೇ ಇವಳು, ಭೂಮಿಕಾ?"
"ಖೋಖೋ ಕ್ಯಾಪ್ಟನ್ನು" ಅಂದಳು, ಗ್ಲಾಸಿನೊಳಗಿಂದಲೇ.
"ಅವಳೇ ತಳ್ಳಿದ್ದು.
ಅವಳಿಗೂ ಒಂದು ಲೋಟ ಹಾಕಿ ಕೊಡು,
ಸೋಮವಾರ ಬ್ಯಾಗಲ್ಲಿ ಇಟ್ಕೊಂಡು ಹೋಗ್ತೀನಿ."